ವಯೋಮಿಂಗ್‌ನ ಚಿಗರಿ, ಧಾರವಾಡದ ಸರ್ವೇಯರ್: ಬೇಟೆ ಅರ್ಜಿಯ ಒಂದು ನಕ್ಷೆ-ಸೇವೆಯ ವಿಮರ್ಶೆ

ಅಮೆರಿಕದ ವಯೋಮಿಂಗ್ ರಾಜ್ಯದ ಗೇಮ್ ಅಂಡ್ ಫಿಶ್ ಇಲಾಖೆ ಬೇಟೆಗಾರರಿಗೆಂದು ಅಂತರ್ಜಾಲದಲ್ಲಿ ಇಟ್ಟಿರುವ ‘ಹಂಟ್ ಪ್ಲಾನರ್’ ಎಂಬ ನಕ್ಷೆಯನ್ನೂ, ಅದರ ಜೊತೆಗಿರುವ ಪರವಾನಗಿ ಅರ್ಜಿಯ ವ್ಯವಸ್ಥೆಯನ್ನೂ ಕಳೆದ ಬೇಸಿಗೆಯುದ್ದಕ್ಕೂ ಬಳಸಿ ನೋಡಿದ್ದೇನೆ. ಬಳಸಿದವನು ಧಾರವಾಡದ ಸಪ್ತಾಪುರದಲ್ಲಿ ಮನೆ ಮಾಡಿಕೊಂಡಿರುವ, ಬಂದೂಕು ಹಿಡಿಯದ, ಮನೆಯೊಳಗೆ ಮೊಟ್ಟೆಯನ್ನೂ ತಾರದ ನಿವೃತ್ತ ಸರ್ವೇಯರ್ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ತಮ್ಮನ ಮಗ ಹದಿನೆಂಟು ವರ್ಷಗಳಿಂದ ಮಿನಿಯಾಪೊಲಿಸ್‌ನಲ್ಲಿದ್ದಾನೆ, ಅಲ್ಲಿನ ಪ್ರಜೆಯೂ ಆಗಿದ್ದಾನೆ. ಅವನೂ ಅವನ ಕಚೇರಿಯ ಗೆಳೆಯನೊಬ್ಬನೂ ಕೂಡಿ, ಮಾರ್ಗದರ್ಶಕರನ್ನು ಗೊತ್ತುಮಾಡಿಕೊಳ್ಳದೆ, ತಾವೇ ಯೋಜಿಸಿಕೊಂಡು ಪ್ರಾಂಗ್‌ಹಾರ್ನ್ ಎಂಬ ಬಯಲಿನ ಪ್ರಾಣಿಯ ಬೇಟೆಗೆ ಹೋಗಬೇಕೆಂದು ನಿರ್ಧರಿಸಿದ್ದರು. ‘ದೊಡ್ಡಪ್ಪಾ, ಬ್ಯಾಟಿ ನಾನು ಮಾಡತೀನಿ, ನಕಾಶಿ ನೀವು ಓದ್ರಿ’ ಎಂದು ಅವನು ಕೇಳಿದ್ದರಿಂದ ನಾನು ಇದರೊಳಗೆ ಬಂದೆ. ನಮ್ಮ ಬೆಳಗಿನ ಆರೂವರೆಗೆ ಅವನಿಗೆ ಹಿಂದಿನ ದಿನದ ರಾತ್ರಿ ಎಂಟು. ನಾನು ಚಹಾ ಮುಗಿಸುವಷ್ಟರಲ್ಲಿ ಅವನ ಊಟವಾಗಿರುತ್ತಿತ್ತು, ಆಮೇಲೆ ಒಂದು ಗಂಟೆ ಇಬ್ಬರೂ ಒಂದೇ ಪರದೆಯನ್ನು ನೋಡುತ್ತ ಕೂರುತ್ತಿದ್ದೆವು.

ನಮ್ಮ ಕಡೆ ಕೃಷ್ಣಮೃಗಕ್ಕೆ ಚಿಗರಿ ಎನ್ನುತ್ತೇವೆ. 2018ರಿಂದ ಹುಬ್ಬಳ್ಳಿ-ಧಾರವಾಡಗಳ ನಡುವೆ ಓಡುತ್ತಿರುವ ಬಿಆರ್‌ಟಿಎಸ್ ಬಸ್ಸಿಗೂ ಅದೇ ಹೆಸರನ್ನು ಇಟ್ಟಿದ್ದಾರೆ, ಮತ್ತು ಅವನ ಮೊದಲ ಕರೆ ಬಂದಾಗ ನಾನು ಆ ಬಸ್ಸಿನಲ್ಲೇ ನವಲೂರು ದಾಟುತ್ತಿದ್ದೆ. ಅವನು ‘ಆಂಟಿಲೋಪ್’ ಎಂದಾಗ ನನಗೆ ಕಣ್ಣಿಗೆ ಬಂದದ್ದು ನಮ್ಮ ಚಿಗರಿಯೇ, ಹಾಗೆ ನೋಡಿದರೆ ಆ ಹೆಸರಿಗೆ ನಿಜವಾದ ಹಕ್ಕುದಾರನೂ ಅದೇ. 1766ರಲ್ಲಿ ಪಲ್ಲಾಸ್ ಎಂಬ ಪ್ರಾಣಿಶಾಸ್ತ್ರಜ್ಞ ಹೆಸರಿಟ್ಟ ಆಂಟಿಲೋಪ್ ಎಂಬ ಕುಲದಲ್ಲಿ ಇಂದು ಉಳಿದಿರುವ ಏಕೈಕ ಪ್ರಭೇದ ಕೃಷ್ಣಮೃಗ. ಅಮೆರಿಕದವರು ಅದೇ ಹೆಸರಿನಿಂದ ಕರೆಯುವ ಪ್ರಾಂಗ್‌ಹಾರ್ನ್ ಬೇರೊಂದು ಕುಟುಂಬಕ್ಕೆ ಸೇರಿದ್ದು, ಬದುಕಿರುವ ಪ್ರಾಣಿಗಳಲ್ಲಿ ಅದಕ್ಕೆ ಹತ್ತಿರದ ನೆಂಟರು ಜಿರಾಫೆ ಮತ್ತು ಒಕಾಪಿ. ಕವಲೊಡೆದ ಅದರ ಕೊಂಬಿನ ಹೊರಕವಚ ಪ್ರತಿ ವರ್ಷ ಕಳಚಿ ಬಿದ್ದು ಹೊಸದಾಗಿ ಬೆಳೆಯುತ್ತದೆ. ನಮ್ಮ ಚಿಗರಿಯ ತಿರುಚಿದ ಕೊಂಬು ಜೀವವಿರುವವರೆಗೂ ಅದೇ. ಬಯಲಿನಲ್ಲಿ ಬದುಕುವುದು, ದೂರದಿಂದಲೇ ಮನುಷ್ಯನನ್ನು ಗುರುತಿಸುವುದು, ಓಟವನ್ನೇ ನಂಬಿರುವುದು, ಇವು ಮಾತ್ರ ಎರಡಕ್ಕೂ ಸಮಾನ.

ಇನ್ನೊಂದು ವಿಷಯವನ್ನೂ ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಕೃಷ್ಣಮೃಗವಿದೆ, ಅದನ್ನು ಬೇಟೆಯಾಡುವುದು ನಮ್ಮಲ್ಲಿ ಜೈಲು ಶಿಕ್ಷೆಯ ಅಪರಾಧ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಅಮೆರಿಕದಲ್ಲಿ ವಾಸಿಸುವ ಮಕ್ಕಳು ಮೊಮ್ಮಕ್ಕಳಿರುವ ಮನೆಗಳಿಗೆ, ಅಥವಾ ಒಂದು ಸರ್ಕಾರ ತನ್ನ ಭೂಮಿಯ ಲೆಕ್ಕವನ್ನು ಸಾರ್ವಜನಿಕರ ಮುಂದೆ ಹೇಗೆ ಇಡುತ್ತದೆ ಎಂಬ ಕುತೂಹಲವಿರುವವರಿಗೆ. ನನ್ನ ಕುತೂಹಲ ಎರಡನೆಯದು.

ಮಾರ್ಗದರ್ಶಕರಿಲ್ಲದೆ ಹೋಗುವುದು ಸಾಧ್ಯವೇ ಎಂಬುದು ಮೊದಲ ಪ್ರಶ್ನೆಯಾಗಿತ್ತು. ವಯೋಮಿಂಗ್‌ನಲ್ಲಿ ‘ವಿಲ್ಡರ್‌ನೆಸ್’ ಎಂದು ಘೋಷಿತವಾದ ಕಾಡುಗಳಲ್ಲಿ ಹೊರರಾಜ್ಯದವರು ದೊಡ್ಡ ಪ್ರಾಣಿಗಳ ಬೇಟೆಯಾಡಬೇಕಾದರೆ ಮಾರ್ಗದರ್ಶಕ ಅಥವಾ ಸ್ಥಳೀಯ ನಿವಾಸಿಯೊಬ್ಬ ಜೊತೆಗಿರಲೇಬೇಕು ಎಂಬ ಕಾನೂನಿದೆ. ಆದರೆ ಪ್ರಾಂಗ್‌ಹಾರ್ನ್ ಇರುವುದು ಬೆಟ್ಟದ ಕಾಡಿನಲ್ಲಲ್ಲ, ಮೊಣಕಾಲೆತ್ತರದ ಸೇಜ್ ಗಿಡಗಳ ಬಯಲಿನಲ್ಲಿ. ಹೀಗಾಗಿ ಆ ಕಾನೂನು ಈ ಬೇಟೆಗೆ ಬಹುಮಟ್ಟಿಗೆ ತಾಗುವುದಿಲ್ಲ, ಹೊಸಬರು ಸ್ವಂತವಾಗಿ ಹೊರಡಲು ಇದಕ್ಕಿಂತ ಸುಲಭದ ದೊಡ್ಡ ಬೇಟೆ ಅಮೆರಿಕದ ಪಶ್ಚಿಮದಲ್ಲಿ ಇಲ್ಲವೆಂದು ಅಲ್ಲಿಯವರು ಹೇಳುತ್ತಾರೆ. ರಾಜ್ಯದ ಆಯ್ಕೆಗೆ ನಾವು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಅರಿಜೋನಾದಂತಹ ರಾಜ್ಯಗಳಲ್ಲಿ ಅಂಕ ಕೂಡಿಸುತ್ತ ವರ್ಷಗಟ್ಟಲೆ ಕಾಯಬೇಕು. ನ್ಯೂ ಮೆಕ್ಸಿಕೊದಲ್ಲಿ ಅಂಕಗಳ ಪದ್ಧತಿಯೇ ಇಲ್ಲ, ಪ್ರತಿ ವರ್ಷ ಹೊಸದಾಗಿ ಚೀಟಿ ಎತ್ತುತ್ತಾರೆ. ಪ್ರಾಂಗ್‌ಹಾರ್ನ್ ಅತಿ ಹೆಚ್ಚು ಇರುವ ರಾಜ್ಯ ವಯೋಮಿಂಗ್, ಮಿನಿಯಾಪೊಲಿಸ್‌ನಿಂದ ಒಂದು ದೀರ್ಘ ದಿನದ ಕಾರಿನ ದಾರಿ. ಅಲ್ಲಿಗೇ ಮಾತು ನಿಂತಿತು.

ಅರ್ಜಿಯ ಪದ್ಧತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ತಿಳಿಯದೆ ನಕ್ಷೆ ತೆರೆದರೆ ಉಪಯೋಗವಿಲ್ಲ. ಇಡೀ ರಾಜ್ಯವನ್ನು ಸಂಖ್ಯೆಯಿರುವ ಬೇಟೆ ಪ್ರದೇಶಗಳಾಗಿ ವಿಂಗಡಿಸಿದ್ದಾರೆ, ಪ್ರತಿ ಪ್ರದೇಶಕ್ಕೂ ಇಂತಿಷ್ಟೇ ಪರವಾನಗಿ ಎಂಬ ಮಿತಿಯಿದೆ. ಸೀಮಿತ ಪರವಾನಗಿಗಳಲ್ಲಿ 20 ಶೇಕಡಾ ಹೊರರಾಜ್ಯದವರ ಪಾಲು. ಆ ಪಾಲಿನೊಳಗೆ ಮತ್ತೆ ಎರಡು ಸಾಲುಗಳು: 60 ಶೇಕಡಾ ಸಾಮಾನ್ಯ ದರದ್ದು, 40 ಶೇಕಡಾ ವಿಶೇಷ ದರದ್ದು. ಸಾಮಾನ್ಯ ಪರವಾನಗಿಗೆ 326 ಡಾಲರ್, ವಿಶೇಷಕ್ಕೆ 1,200 ಡಾಲರ್. ಸಿಗುವ ಪ್ರಾಣಿ ಅದೇ, ಪ್ರದೇಶ ಅದೇ, ದಿನಗಳೂ ಅವೇ. ಹೆಚ್ಚು ಕೊಟ್ಟವನ ಸಾಲಿನಲ್ಲಿ ಜನ ಕಡಿಮೆ, ಅಷ್ಟೇ ವ್ಯತ್ಯಾಸ. ತತ್ಕಾಲ್ ಟಿಕೆಟ್ ತೆಗೆಸಿದ ಅನುಭವವಿರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಸಾಲಿನಲ್ಲೂ 75 ಶೇಕಡಾ ಪರವಾನಗಿಗಳು ಹೆಚ್ಚು ಆದ್ಯತಾ ಅಂಕ ಕೂಡಿಸಿದವರಿಗೆ ಮೊದಲು ಹೋಗುತ್ತವೆ, ಉಳಿದ 25 ಶೇಕಡಾ ಅಂಕವನ್ನು ಲೆಕ್ಕಿಸದೆ ಚೀಟಿಯ ಮೂಲಕ. ಅಂಕ ಎಂದರೆ ಹಿಂದಿನ ವರ್ಷ ಅರ್ಜಿ ಹಾಕಿ ಸಿಗದೆ ಹೋದವನಿಗೆ, ಅಥವಾ ಅಂಕವನ್ನಷ್ಟೇ ಕೊಂಡವನಿಗೆ, 31 ಡಾಲರ್ ಕೊಟ್ಟರೆ ಖಾತೆಯಲ್ಲಿ ಸೇರುವ ಒಂದು ಎಣಿಕೆ. ಮೊದಲ ಆಯ್ಕೆಯ ಪ್ರದೇಶ ಸಿಕ್ಕ ಕೂಡಲೇ ಅಂಕಗಳೆಲ್ಲ ಸೊನ್ನೆಗೆ ಇಳಿಯುತ್ತವೆ. ಎರಡನೆಯದೋ ಮೂರನೆಯದೋ ಸಿಕ್ಕರೆ ಅಂಕಗಳು ಹಾಗೇ ಉಳಿಯುತ್ತವೆ. ಈ ಒಂದು ನಿಯಮವನ್ನು ಸರಿಯಾಗಿ ಅರ್ಥಮಾಡಿಕೊಂಡರೆ ಅರ್ಜಿಯನ್ನು ಅರ್ಧ ತುಂಬಿದಂತೆ.

ಗುಂಪಾಗಿ ಅರ್ಜಿ ಹಾಕಿದರೆ ಸದಸ್ಯರ ಅಂಕಗಳ ಸರಾಸರಿಯನ್ನು ಹಿಡಿಯುತ್ತಾರೆ. ನಮ್ಮ ಹುಡುಗನದು ಸೊನ್ನೆ, ಗೆಳೆಯನದು ಮೂರು, ಇಬ್ಬರದೂ ಸೇರಿ ಒಂದೂವರೆ. ಎರಡು ಅಂಕದವರಿಗೇ ಪರವಾನಗಿ ಮುಗಿದುಹೋಗುವ ಪ್ರದೇಶದಲ್ಲಿ ಒಂದೂವರೆ ಎಂಬುದಕ್ಕೆ ಬೆಲೆಯಿಲ್ಲ. ಗೆಳೆಯ ಒಬ್ಬನೇ ಹಾಕಿದ್ದರೆ ಅವನಿಗೆ ನಿಶ್ಚಿತವಾಗಿ ಸಿಗುತ್ತಿತ್ತು. ಇದನ್ನು ಅವನಿಗೆ ಹೇಳಬೇಕೋ ಬೇಡವೋ ಎಂದು ನಮ್ಮವನು ಒಂದು ದಿನ ಯೋಚಿಸಿ, ಕೊನೆಗೆ ಹೇಳಿದ. ಆತ ಒಳ್ಳೆಯ ಮನುಷ್ಯ, ಅಂಕ ಹೋದರೂ ಜೊತೆ ಬೇಕು ಎಂದನಂತೆ.

ಇಲಾಖೆ ಪ್ರಕಟಿಸುವ ಕೋಷ್ಟಕಗಳು ಈ ಸೇವೆಯ ಅತ್ಯುತ್ತಮ ಭಾಗ. ಯಾವ ಪ್ರದೇಶಕ್ಕೆ ಎಷ್ಟು ಅಂಕದವರು ಎಷ್ಟು ಮಂದಿ ಅರ್ಜಿ ಹಾಕಿದ್ದರು, ಅವರಲ್ಲಿ ಎಷ್ಟು ಮಂದಿಗೆ ಸಿಕ್ಕಿತು ಎಂಬುದು ಸಾಲು ಸಾಲಾಗಿ ಉಚಿತವಾಗಿ ದೊರೆಯುತ್ತದೆ. ಹೋದವರಲ್ಲಿ ಎಷ್ಟು ಮಂದಿ ಪ್ರಾಣಿಯೊಂದಿಗೆ ಮರಳಿದರು, ಸರಾಸರಿ ಎಷ್ಟು ದಿನ ಹಿಡಿಯಿತು ಎಂಬ ವರದಿಯೂ ಇದೆ. ಆದರೆ ಕೋಷ್ಟಕ ಹೇಳುವುದು ಹೋದ ವರ್ಷದ ಮಾತು. ಈ ವರ್ಷದ ಪರವಾನಗಿಗಳ ಸಂಖ್ಯೆ ಏಪ್ರಿಲ್‌ನಲ್ಲಿ ಆಯೋಗದ ಸಭೆಯಾದ ಮೇಲೆಯೇ ನಿಶ್ಚಯವಾಗುತ್ತದೆ. 2022-23ರ ಚಳಿಗಾಲ ಅತಿ ಕಠಿಣವಾಗಿ, ಅದರ ಜೊತೆಗೆ ಶ್ವಾಸಕೋಶದ ರೋಗವೊಂದೂ ಸೇರಿಕೊಂಡು ರಾಜ್ಯದ ಪಶ್ಚಿಮ ಭಾಗದಲ್ಲಿ ಪ್ರಾಣಿಗಳು ದೊಡ್ಡ ಸಂಖ್ಯೆಯಲ್ಲಿ ಸತ್ತಾಗ, ಪರವಾನಗಿಗಳನ್ನು ತೀವ್ರವಾಗಿ ಇಳಿಸಿದ್ದರು. ಹಳೆಯ ಕೋಷ್ಟಕವನ್ನು ನಂಬಿ ಕೂತವರಿಗೆ ಅಂತಹ ವರ್ಷ ಪೆಟ್ಟು ಬೀಳುತ್ತದೆ. ಅರ್ಜಿ ಜನವರಿಯ ಆರಂಭದಲ್ಲೇ ತೆರೆದರೂ ಗಡುವು ಜೂನ್‌ನ ಮೊದಲ ದಿನಗಳವರೆಗೆ ಇರುವುದರಿಂದ, ಮೇ ತಿಂಗಳಲ್ಲಿ ಹೊಸ ಸಂಖ್ಯೆಗಳನ್ನು ನೋಡಿಕೊಂಡು ತುಂಬುವುದೇ ಜಾಣತನ.

ಇಷ್ಟು ತಿಳಿದ ಮೇಲೆ ನಮ್ಮವನು ಎಡವಿದ್ದು ಎಲ್ಲಿ ಎಂದರೆ, ಚಂದಾ ಕಟ್ಟಿಸಿಕೊಂಡು ಪ್ರದೇಶಗಳಿಗೆ ಶ್ರೇಯಾಂಕ ಕೊಡುವ ಒಂದು ಖಾಸಗಿ ಸೇವೆಯಲ್ಲಿ. ಅದರ ಹೆಸರು ಹೇಳುವುದಿಲ್ಲ. ಒಂದು ವರ್ಷದ ಚಂದಾ ಕಟ್ಟಿ, ಅದು ಕೊಟ್ಟ ಪಟ್ಟಿಯ ತಲೆಯಲ್ಲಿದ್ದ ಒಂದು ಪ್ರದೇಶವನ್ನು ಹಿಡಿದುಕೊಂಡು ಅವನು ಒಂದು ಬೆಳಿಗ್ಗೆ ಕರೆ ಮಾಡಿದ. ‘ದೊಡ್ಡಪ್ಪಾ, ಅಂಕ ಇಲ್ಲದಿದ್ರೂ ನೂರಕ್ಕ ನೂರು ಸಿಗತದಂತ. ಪ್ರಾಣಿನೂ ಭಾಳ ಅದಾವಂತ.’ ಎರಡೂ ನಿಜವಾಗಿತ್ತು. ಪ್ರಾಣಿಯೂ ಬಹಳ, ಪರವಾನಗಿಯೂ ಸುಲಭ, ಆದರೂ ಜನ ಏಕೆ ಮುಗಿಬಿದ್ದಿಲ್ಲ ಎಂಬುದನ್ನು ಆ ಸೇವೆಯ ಪುಟದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಮೂವತ್ತು ವರ್ಷ ಹದ್ದುಬಸ್ತು ಮಾಡಿದವನಿಗೆ ಅಗ್ಗದ ಜಮೀನು ಎಂದರೆ ಮೊದಲು ಬರುವ ಪ್ರಶ್ನೆ ಒಂದೇ: ದಾರಿ ಇದೆಯೇ?

ಹಂಟ್ ಪ್ಲಾನರ್ ತೆರೆದು ಭೂಮಾಲೀಕತ್ವದ ಪದರವನ್ನು ಹಾಕಿದೆವು. ಅಲ್ಲಿನ ನಕ್ಷೆಗಳ ಬಣ್ಣದ ಭಾಷೆ ಸರಳವಾಗಿದೆ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಬಯಲು ಹಳದಿ, ರಾಜ್ಯ ಸರ್ಕಾರದ ಜಮೀನು ನೀಲಿ, ರಾಷ್ಟ್ರೀಯ ಅರಣ್ಯ ಹಸಿರು, ಖಾಸಗಿ ಜಮೀನು ಬಿಳಿ. ಹಳದಿಯನ್ನು ನಮ್ಮ ಗಾಯರಾಣ ಎಂದು ತಿಳಿದರೆ ಹೆಚ್ಚು ತಪ್ಪಾಗದು: ದನ ಮೇಯಿಸಲು ಗುತ್ತಿಗೆ ಕೊಟ್ಟಿರುತ್ತಾರೆ, ಆದರೂ ಯಾರು ಬೇಕಾದರೂ ಕಾಲಿಡಬಹುದು, ಬೇಟೆಯಾಡಬಹುದು, ಒಂದೇ ಕಡೆ ಹದಿನಾಲ್ಕು ದಿನಗಳವರೆಗೆ ಡೇರೆ ಹಾಕಿಕೊಂಡು ಇರಬಹುದು. ನೀಲಿಯಲ್ಲಿ ಬೇಟೆಗೆ ಅವಕಾಶವುಂಟು, ಆದರೆ ರಾತ್ರಿ ತಂಗುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಬಿಳಿಯಲ್ಲಿ ಫಲಕವಿರಲಿ ಬಿಡಲಿ, ಒಡೆಯನ ಅನುಮತಿಯಿಲ್ಲದೆ ಬೇಟೆಗೆ ಹೋದರೆ ಅಪರಾಧ.

ನೂರಕ್ಕೆ ನೂರರ ಆ ಪ್ರದೇಶ ರಾಜ್ಯದ ಪೂರ್ವ ಭಾಗದಲ್ಲಿತ್ತು, ಪರದೆಯ ತುಂಬ ಬಿಳಿ. ಹಳದಿ ಇಲ್ಲವೆಂದಲ್ಲ; ಹರಿದ ಬಟ್ಟೆಯ ಚೂರುಗಳಂತೆ ಅಲ್ಲೊಂದು ಇಲ್ಲೊಂದು ಬಿದ್ದುಕೊಂಡಿತ್ತು. ನಾನು ಹಳೆಯ ಅಭ್ಯಾಸದಂತೆ ಗ್ರಾಫ್ ಹಾಳೆಯೊಂದನ್ನು ತೆಗೆದುಕೊಂಡು, ಒಂದೊಂದೇ ಚೂರನ್ನು ದೊಡ್ಡದು ಮಾಡಿ ನೋಡುತ್ತ, ಸಾರ್ವಜನಿಕ ರಸ್ತೆಗೆ ತಾಗಿಕೊಂಡಿರುವುದು ಯಾವುದು ಎಂದು ಗುರುತು ಹಾಕುತ್ತ ಹೋದೆ. ಎರಡು ಬೆಳಗು ಹಿಡಿಯಿತು. ಎಣಿಸಿದ ಮೂವತ್ತೇಳು ಚೂರುಗಳಲ್ಲಿ ರಸ್ತೆಗೆ ತಾಗಿದವು ನಾಲ್ಕು. ಅವುಗಳಲ್ಲೊಂದು ಹೆದ್ದಾರಿಗೂ ರೈಲು ಹಳಿಗೂ ನಡುವೆ ಸಿಕ್ಕಿಕೊಂಡಿದ್ದ ನಲವತ್ತು ಎಕರೆ. ಉಳಿದ ಮೂವತ್ಮೂರು ಸಾರ್ವಜನಿಕ ಆಸ್ತಿಯೇ ಆದರೂ ಸುತ್ತ ಖಾಸಗಿ ಬೇಲಿ, ಆಕಾಶದಿಂದ ಇಳಿದವನಿಗೆ ಮಾತ್ರ ಮುಟ್ಟಲು ಸಾಧ್ಯ. ಜನ ಮುಗಿಬೀಳದಿರಲು ಕಾರಣ ಇದು. ಇಂತಹ ಪ್ರದೇಶಗಳಲ್ಲಿ ಸಾರ್ವಜನಿಕರಿಗೆ ಪ್ರವೇಶ ಕಷ್ಟ ಎಂಬ ಎಚ್ಚರಿಕೆಯನ್ನು ಇಲಾಖೆ ತಾನೇ ಕೊಡುತ್ತದೆ, ಇದನ್ನು ಅದರ ಪ್ರಾಮಾಣಿಕತೆಯ ಲೆಕ್ಕಕ್ಕೇ ಹಾಕಬೇಕು. ಚೀಟಿ ಎತ್ತಿದ ಮೇಲೆ ಉಳಿದ ಪರವಾನಗಿಗಳನ್ನು ಆಮೇಲೆ ಮಾರುತ್ತಾರಲ್ಲ, ಅವುಗಳಲ್ಲೂ ಬಹುಪಾಲು ಇಂಥವೇ ಎಂಬುದು ಹೊಸಬರಿಗೆ ಹೊಳೆಯುವುದಿಲ್ಲ.

ಈ ಲೆಕ್ಕದಲ್ಲಿ ನಾನೂ ಒಂದು ತಪ್ಪು ಮಾಡಿದೆ. ನಕ್ಷೆಯಲ್ಲಿ ಎರಡು ಗಾಲಿಯ ಗೆರೆಯಂತೆ ಕಾಣುವ ಹಾದಿಗಳನ್ನೆಲ್ಲ ದಾರಿ ಎಂದೇ ಹಿಡಿದು ಮೊದಲು ಹನ್ನೊಂದು ಚೂರುಗಳಿಗೆ ಗುರುತು ಹಾಕಿದ್ದೆ. ನಮ್ಮ ಗ್ರಾಮನಕ್ಷೆಯಲ್ಲಿ ನಕಾಶೆ ಕಂಡ ದಾರಿ ಎಂದರೆ ಯಾರೂ ಅಡ್ಡಗಟ್ಟುವಂತಿಲ್ಲ. ಅಲ್ಲಿ ಹಾಗಲ್ಲ. ಖಾಸಗಿ ಜಮೀನಿನೊಳಗೆ ಹಾಯುವ ಹಾದಿ, ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ದಾಖಲೆಯಲ್ಲಿ ಸಾರ್ವಜನಿಕ ಎಂದು ಇಲ್ಲದಿದ್ದರೆ, ಒಡೆಯನ ಸ್ವಂತ ಬಂಡಿದಾರಿ ಮಾತ್ರ. ನಕ್ಷೆಯ ಗೆರೆ ಕಣ್ಣಿಗೆ ಕಾಣುವುದನ್ನು ಹೇಳುತ್ತದೆ, ಹಕ್ಕನ್ನಲ್ಲ. ಸರ್ವೇಯರ್ ಆಗಿದ್ದವನೇ ಇದರಲ್ಲಿ ಬಿದ್ದೆ ಎಂಬುದು ಸ್ವಲ್ಪ ನಾಚಿಕೆಯ ವಿಷಯ.

ರಾಜ್ಯದ ದಕ್ಷಿಣ ಭಾಗಕ್ಕೆ ನಕ್ಷೆಯನ್ನು ಸರಿಸಿದಾಗ ಕಂಡದ್ದು ಇನ್ನೂ ವಿಚಿತ್ರ. ಯೂನಿಯನ್ ಪೆಸಿಫಿಕ್ ರೈಲು ಹಳಿಯ ಎರಡೂ ಬದಿಗೆ ಹಳದಿ, ಬಿಳಿ, ಹಳದಿ, ಬಿಳಿ ಎಂದು ಚದುರಂಗದ ಹಾಸನ್ನೇ ಹಾಸಿದಂತಿದೆ. ಖಂಡದಾಚೆಗೆ ರೈಲು ಹಾಕಿಸಲು 1862ರ ಕಾಯ್ದೆ ಮತ್ತು 1864ರ ತಿದ್ದುಪಡಿಯ ಮೂಲಕ ಅಲ್ಲಿನ ಸರ್ಕಾರ ರೈಲು ಕಂಪನಿಗೆ ಹಳಿಯ ಎರಡೂ ಮಗ್ಗುಲಲ್ಲಿ ಇಪ್ಪತ್ತು ಮೈಲಿಯವರೆಗೆ ಒಂದು ಬಿಟ್ಟು ಒಂದರಂತೆ ಚದರ ಮೈಲಿಯ ತುಂಡುಗಳನ್ನು ಕೊಟ್ಟಿತು. ಬೆಸ ಸಂಖ್ಯೆಯವು ಕಂಪನಿಗೆ, ಸಮ ಸಂಖ್ಯೆಯವು ಸರ್ಕಾರಕ್ಕೆ. ಒಂದು ತುಂಡು ಎಂದರೆ 640 ಎಕರೆ. ನೂರಾರವತ್ತು ವರ್ಷಗಳಾದರೂ ಆ ಹಾಸು ಹಾಗೇ ಉಳಿದಿದೆ. ಒಂದು ಹಳದಿ ಚೌಕದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಎರಡೂ ಸೇರುವ ಮೂಲೆಯ ಒಂದು ಬಿಂದುವಿನ ಮೇಲೆ ದಾಟಬೇಕು, ದಾಟುವಾಗ ಭುಜವಾದರೂ ಖಾಸಗಿಯವನ ಗಾಳಿಯಲ್ಲಿ ಹಾಯುತ್ತದೆ. 2021ರಲ್ಲಿ ಮಿಸೌರಿಯಿಂದ ಬಂದ ನಾಲ್ವರು ಬೇಟೆಗಾರರು ಎಲ್ಕ್ ಮೌಂಟನ್ ಬಳಿ ಅಂತಹ ಮೂಲೆಯನ್ನು, ನೆಲ ಮುಟ್ಟದಂತೆ, ಕಬ್ಬಿಣದ ಏಣಿಯೊಂದನ್ನು ಇಟ್ಟು ದಾಟಿದರು. ಅತಿಕ್ರಮಣದ ಮೊಕದ್ದಮೆಯಲ್ಲಿ ಪಂಚರು ಅವರನ್ನು ಬಿಡುಗಡೆ ಮಾಡಿದರು, ಜಮೀನಿನ ಒಡೆಯ ಹೂಡಿದ ಸಿವಿಲ್ ದಾವೆ ಮೇಲಿನ ನ್ಯಾಯಾಲಯಕ್ಕೆ ಹೋಯಿತು. 2025ರ ಮಾರ್ಚ್‌ನಲ್ಲಿ ಹತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಸಾರ್ವಜನಿಕ ಭೂಮಿಗೆ ಹೋಗುವ ದಾರಿಯನ್ನು ಬೇಲಿ ಹಾಕಿ ತಡೆಯಬಾರದೆಂಬ 1885ರ ಹಳೆಯ ಕಾಯ್ದೆಯನ್ನು ಆಧಾರವಾಗಿಟ್ಟುಕೊಂಡು, ಖಾಸಗಿ ನೆಲವನ್ನು ಮುಟ್ಟದೆ ಮೂಲೆ ದಾಟುವುದು ತಪ್ಪಲ್ಲ ಎಂದು ಹೇಳಿತು. ಒಂದು ಬಿಂದುವಿನ ಮೇಲೆ ಇಷ್ಟು ವಾದ ನಡೆದದ್ದನ್ನು ಓದಿದಾಗ, ಅರ್ಧ ಗುಂಟೆಯ ಬದುವಿಗಾಗಿ ನಾನು ಕಂಡ ಅಣ್ಣತಮ್ಮಂದಿರ ಜಗಳಗಳು ಚಿಕ್ಕವೆನಿಸಲಿಲ್ಲ, ಹತ್ತಿರದವೆನಿಸಿದವು.

ಆದರೂ ಮೊದಲ ಸಲ ಹೋಗುವವರು ಮೂಲೆ ದಾಟುವ ಸಾಹಸಕ್ಕೆ ಕೈಹಾಕುವುದು ಬೇಡ ಎಂದು ನಾನು ಹೇಳಿದೆ. ಜಿಪಿಎಸ್ ತೋರಿಸುವ ಮೂಲೆಗೂ ನೆಲದ ಮೇಲಿನ ಮೂಲೆಗೂ ಕೆಲವು ಅಡಿಗಳ ವ್ಯತ್ಯಾಸ ಬರುವುದು ಸಹಜ, ಆ ಕೆಲವು ಅಡಿಗಳಲ್ಲೇ ತಕರಾರು ಇರುತ್ತದೆ. ನಾವು ಹುಡುಕಬೇಕಾದದ್ದು ಮೂಲೆಗಳಿಲ್ಲದ ಹಳದಿ: ಅಖಂಡವಾಗಿ ಹಬ್ಬಿರುವ, ಕೌಂಟಿ ರಸ್ತೆಯೊಂದು ನಡುವೆ ಹಾಯ್ದಿರುವ ಬಯಲು. ರಾಜ್ಯದ ಮಧ್ಯ ಮತ್ತು ನೈಋತ್ಯ ಭಾಗದಲ್ಲಿ ಅಂತಹವು ಬೇಕಾದಷ್ಟಿವೆ, ಹಾಗೆಂದೇ ಅಲ್ಲಿ ಅಂಕವೂ ಹೆಚ್ಚು ಬೇಕು. ನಮ್ಮ ಒಂದೂವರೆ ಅಂಕಕ್ಕೆ ಸಿಗಬಹುದಾದ ಐದು ಪ್ರದೇಶಗಳನ್ನು ಕೋಷ್ಟಕದಿಂದ ಆರಿಸಿ, ಐದನ್ನೂ ಮೇಲಿನ ರೀತಿಯಲ್ಲೇ ಗ್ರಾಫ್ ಹಾಳೆಗೆ ಇಳಿಸಿದೆವು. ಹಂಟ್ ಪ್ಲಾನರ್‌ನಲ್ಲಿ ಇನ್ನೊಂದು ಪದರ ಇಲ್ಲಿ ಬಹಳ ನೆರವಾಯಿತು. ‘ಆ್ಯಕ್ಸೆಸ್ ಯೆಸ್’ ಎಂಬ ಯೋಜನೆಯಡಿ ಇಲಾಖೆ ಖಾಸಗಿ ಜಮೀನುದಾರರೊಂದಿಗೆ ಒಪ್ಪಂದ ಮಾಡಿಕೊಂಡು ಬೇಟೆಗಾರರಿಗೆ ತೆರೆದಿಡುವ ಜಾಗಗಳಿವೆ. ಕೆಲವಕ್ಕೆ ನಡೆದುಕೊಂಡು ಹೋಗಬಹುದು, ಕೆಲವಕ್ಕೆ ಮೊದಲೇ ಅನುಮತಿ ಚೀಟಿ ಪಡೆಯಬೇಕು. ಇಂತಹ ಒಂದು ಜಾಗ ಸೇರಿಕೊಂಡರೆ ಬೇಲಿಯೊಳಗೆ ಸಿಕ್ಕಿಬಿದ್ದಿದ್ದ ಹಿಂದಿನ ಹಳದಿ ಚೂರುಗಳೂ ತೆರೆದುಕೊಳ್ಳುತ್ತವೆ. ಕೋಷ್ಟಕದಲ್ಲಿ ನಾಲ್ಕನೆಯದಾಗಿದ್ದ ಪ್ರದೇಶ ಹೀಗೆ ನಮ್ಮ ಪಟ್ಟಿಯಲ್ಲಿ ಮೊದಲನೆಯದಾಯಿತು. ಅದರ ಸಂಖ್ಯೆಯನ್ನು ಬರೆಯಬಾರದೆಂದು ಹುಡುಗ ನನ್ನಿಂದ ಮಾತು ತೆಗೆದುಕೊಂಡಿದ್ದಾನೆ.

ನಮ್ಮಲ್ಲಿನ ಸೇವೆಯೊಂದಿಗೆ ಹೋಲಿಸದೆ ಈ ವಿಮರ್ಶೆ ಪೂರ್ತಿಯಾಗದು. ಕರ್ನಾಟಕದ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನು ಹೇಳುತ್ತದೆ, ಜಮೀನು ಸರ್ಕಾರಿಯೋ ಎಂಬುದನ್ನೂ ತಿಳಿಸುತ್ತದೆ. ಅಮೆರಿಕದಲ್ಲಿ ಅದೇ ಕೆಲಸಕ್ಕೆ ಬೇಟೆಗಾರರು ಆನ್‌ಎಕ್ಸ್‌ನಂತಹ ಖಾಸಗಿ ಆ್ಯಪ್‌ಗಳಿಗೆ ವರ್ಷವರ್ಷ ಹಣ ಕೊಡುತ್ತಾರೆ. ಬಯಲಿನಲ್ಲಿ ಫೋನಿನ ಸಿಗ್ನಲ್ ಇರುವುದಿಲ್ಲವಾದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳುವ ಸೌಲಭ್ಯಕ್ಕಾಗಿ ಅದು ಬೇಕಾಗುತ್ತದೆ, ನಮ್ಮವನೂ ಕೊಂಡ. ಆದರೆ ಎಲ್ಲಿ ಅರ್ಜಿ ಹಾಕಬೇಕು ಎಂಬ ನಿರ್ಧಾರದವರೆಗೆ ಇಲಾಖೆಯ ಉಚಿತ ನಕ್ಷೆಯೇ ಸಾಕು. ಖಾಸಗಿ ಶ್ರೇಯಾಂಕ ಸೇವೆಯ ಚಂದಾ ನಮಗೆ ಪೂರ್ತಿ ವ್ಯರ್ಥವಾಯಿತು. ಒಂದು ಕಾಗದದ ನಕ್ಷೆಯನ್ನೂ ತೆಗೆದುಕೊಂಡು ಹೋಗು ಎಂದು ನಾನು ಒತ್ತಾಯಿಸಿದೆ. ಒಂದಕ್ಕೆ ಒಂದು ಲಕ್ಷದ ಪ್ರಮಾಣದ ಬ್ಯೂರೋ ನಕ್ಷೆ ಅದೇ ಹಳದಿ, ನೀಲಿ, ಬಿಳಿ ಬಣ್ಣಗಳಲ್ಲಿ ಸಿಗುತ್ತದೆ.

ಈ ಪದ್ಧತಿಯಲ್ಲಿ ನನಗೆ ಬಹಳ ಹಿಡಿಸಿದ್ದು ಮಾತ್ರ ಪರವಾನಗಿಗೆ ಅಂಟಿಕೊಂಡು ಬರುವ ಒಂದು ಸಣ್ಣ ಚೀಟಿ. ಖಾಸಗಿ ಜಮೀನಿನಲ್ಲಿ ಬೇಟೆಯಾದರೆ ಆ ಚೀಟಿಯನ್ನು ಒಡೆಯನಿಗೆ ಕೊಡಬೇಕು, ಅವನು ಅದನ್ನು ಇಲಾಖೆಗೆ ಕಳಿಸಿ ಒಂದಿಷ್ಟು ಹಣ ಪಡೆಯುತ್ತಾನೆ. ಪ್ರಾಣಿ ಸಾರ್ವಜನಿಕರದು, ಮೇವು ನನ್ನದು ಎಂಬ ರೈತನ ಮಾತಿಗೆ ಅದೊಂದು ರಸೀತಿ. ನಮ್ಮ ಹಿರಿಯರ ಹೊಲ ರಾಣೆಬೆನ್ನೂರಿನ ಅಳಗೇರಿಯ ಕಡೆಗಿದೆ. 1974ರಲ್ಲಿ ಘೋಷಿತವಾದ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ ಅಲ್ಲಿಂದ ದೂರವೇನಲ್ಲ. ಶೇಂಗಾ, ಹೆಸರು ಮೊಳಕೆಯೊಡೆದ ವಾರದಲ್ಲಿ ಬೆಳಗಿನ ಜಾವ ಹೊಲಕ್ಕೆ ಹೋದರೆ ಮೂವತ್ತು ನಲವತ್ತು ಚಿಗರಿಗಳು ಸಾಲಿನುದ್ದಕ್ಕೂ ತಲೆ ತಗ್ಗಿಸಿ ನಿಂತಿರುತ್ತಿದ್ದವು. ಅಪ್ಪ ತಗಡಿನ ಡಬ್ಬಿ ಬಡಿಯುತ್ತಿದ್ದರು. ಗುಂಪು ಒಂದೊಂದಾಗಿ ಬದು ಹಾರಿ ಪಕ್ಕದ ಹೊಲದಲ್ಲಿ ಇಳಿಯುತ್ತಿತ್ತು, ಆಮೇಲೆ ಆ ಹೊಲದವರ ಡಬ್ಬಿ ಕೇಳುತ್ತಿತ್ತು. ನಮ್ಮಲ್ಲಿ ಚಿಗರಿಗೆ ಎಲ್ಲ ಹೊಲವೂ ತೆರೆದಿದೆ, ಮನುಷ್ಯನಿಗೆ ಚಿಗರಿಯ ಮೇಲೆ ಯಾವ ಹಕ್ಕೂ ಇಲ್ಲ. ಅಲ್ಲಿ ಹಕ್ಕು ಮುದ್ರೆಯೊತ್ತಿ ಕೈಗೆ ಬರುತ್ತದೆ, ಕಾಲಿಡಲು ನೆಲ ಹುಡುಕಬೇಕು.

ಉಳಿದ ಸಿದ್ಧತೆಯ ವಿಷಯದಲ್ಲಿ ನಾನು ಹೇಳಬಲ್ಲದ್ದು ಕಡಿಮೆ. ಬಂದೂಕಿನ ಬೇಟೆ ಪ್ರದೇಶಕ್ಕೆ ತಕ್ಕಂತೆ ಸೆಪ್ಟೆಂಬರ್-ಅಕ್ಟೋಬರ್‌ಗಳಲ್ಲಿ ನಡೆಯುತ್ತದೆ. 1966ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ಶಿಕ್ಷಣದ ಪ್ರಮಾಣಪತ್ರ ಹೊಂದಿರಬೇಕು. ಮೈಮೇಲೆ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಬಟ್ಟೆ ಕಡ್ಡಾಯ. ಪ್ರಾಂಗ್‌ಹಾರ್ನ್ ಬೇಲಿಯನ್ನು ಹಾರುವುದಕ್ಕಿಂತ ಕೆಳಗಿನ ತಂತಿಯಡಿ ನುಸುಳುವುದೇ ಹೆಚ್ಚಂತೆ, ಹಾಗಾಗಿ ನುಸುಳಿ ನುಸುಳಿ ಕೂದಲು ಅಂಟಿದ ಬೇಲಿಯ ಜಾಗವನ್ನು ಹುಡುಕಿಕೊಳ್ಳುತ್ತಾರೆ. ಬಿಸಿಲು ಇನ್ನೂ ಇರುವ ದಿನಗಳಾದ್ದರಿಂದ ಮಾಂಸವನ್ನು ತಡಮಾಡದೆ ತಣ್ಣಗಾಗಿಸಬೇಕೆಂದು ಹುಡುಗ ಮಂಜುಗಡ್ಡೆಯ ಪೆಟ್ಟಿಗೆಗಳ ಬಗ್ಗೆ ಅರ್ಧ ಗಂಟೆ ಮಾತಾಡಿದ. ನನ್ನ ಹೆಂಡತಿ ಅದೇ ಕೋಣೆಯಲ್ಲಿ ಕಾಳು ಆರಿಸುತ್ತಿದ್ದಳು, ‘ಇವನ್ನೆಲ್ಲ ಮುಂಜಾನೆ ಪೂಜಾ ಆಗೂಕಿಂತ ಮೊದಲ ಕೇಳಬೇಕೇನು’ ಎಂದು ಎದ್ದು ಹೋದಳು. ಅಂದಿನಿಂದ ನಕ್ಷೆಯ ಮಾತು ಒಳಗೆ, ಉಳಿದ ಮಾತು ಅಂಗಳದಲ್ಲಿ.

ಜೂನ್‌ನಲ್ಲಿ ಫಲಿತಾಂಶ ಬಂತು, ಇಬ್ಬರಿಗೂ ಮೊದಲ ಆಯ್ಕೆಯೇ ಸಿಕ್ಕಿತು, ಗೆಳೆಯನ ಮೂರು ಅಂಕಗಳೂ ಸೊನ್ನೆಯಾದವು. ಅಕ್ಟೋಬರ್‌ನ ಮೊದಲ ವಾರ ಅವರು ಹೋಗಿ ಬಂದರು. ನಾವು ಗುರುತಿಸಿದ್ದ ಆರು ಪ್ರವೇಶದ ಜಾಗಗಳಲ್ಲಿ ಐದು ನಕ್ಷೆಯಲ್ಲಿದ್ದಂತೆಯೇ ಇದ್ದವು. ಆರನೆಯದರಲ್ಲಿ ರಸ್ತೆಗೂ ಹಳದಿಗೂ ನಡುವೆ ಮಳೆನೀರು ಕೊರೆದ ಆಳವಾದ ಹಳ್ಳವಿತ್ತು, ಕಾರು ಇಳಿಯುವಂತಿರಲಿಲ್ಲ, ನಡೆದು ಹೋದರು. ಮೂರನೆಯ ದಿನ ಗೆಳೆಯನಿಗೆ ಬೇಟೆ ಸಿಕ್ಕಿತು. ನಮ್ಮವನಿಗೆ ಸಿಗಲಿಲ್ಲ.

ಅವನು ಕಳಿಸಿದ ಚಿತ್ರಗಳಲ್ಲಿ ಪ್ರಾಣಿಯದ್ದನ್ನು ನಾನು ತೆರೆಯಲಿಲ್ಲ. ಹೋಗುವ ಮೊದಲೇ ನಾನು ಅವನಿಗೆ ಒಂದು ಕೆಲಸ ಹೇಳಿದ್ದೆ: ಚೌಕದ ಮೂಲೆಯೊಂದರಲ್ಲಿ ಹಳೆಯ ಭೂಮಾಪಕರು ನೆಟ್ಟ ಕಂಬ ಇನ್ನೂ ಇದೆಯೇ ನೋಡು ಎಂದು. ಕೊನೆಯ ದಿನ ಬೆಳಿಗ್ಗೆ ಅರ್ಧ ಗಂಟೆ ಹುಡುಕಿ ಅದನ್ನು ಕಂಡುಹಿಡಿದಿದ್ದ. ಸೇಜ್ ಗಿಡದ ಬುಡದಲ್ಲಿ, ನೆಲದಿಂದ ಒಂದು ಗೇಣು ಮೇಲೆದ್ದ ಕಬ್ಬಿಣದ ಕೊಳವೆ, ಅದರ ನೆತ್ತಿಯ ಮೇಲೆ ಅಂಗೈಯಗಲದ ಹಿತ್ತಾಳೆಯ ಮುಚ್ಚಳ. ಮುಚ್ಚಳದ ಮೇಲೆ ಅಡ್ಡಗೆರೆ, ಉದ್ದಗೆರೆ, ನಾಲ್ಕು ಮೂಲೆಗೆ ನಾಲ್ಕು ತುಂಡುಗಳ ಸಂಖ್ಯೆ, ಉಳಿಯಿಂದ ಒತ್ತಿದ್ದು. ದೊಡ್ಡದು ಮಾಡಿ ನೋಡಿದೆ, ಗ್ರಾಫ್ ಹಾಳೆಯನ್ನು ತೆಗೆದು ಪಕ್ಕಕ್ಕಿಟ್ಟು ನೋಡಿದೆ. ನಾಲ್ಕು ಸಂಖ್ಯೆಗಳೂ ತಾಳೆಯಾದವು.